ಲ್ಯಾಪ್‌ಟಾಪಿನ ಸಮುದ್ರದಲ್ಲಿ ಟ್ರಾಲರುಗಳಿಲ್ಲ

‘ಜಲಾಂತರ್ಗಾಮಿಯ ಜಾಡು ಹಿಡಿಯುವ ಮೂರು ವಿಧಾನಗಳ ಹೋಲಿಕೆ’ ಎಂಬ ಪ್ರಾಜೆಕ್ಟ್ ವರದಿ ಬಂದರೆ ನಾನು ಗ್ರಾಫ್ ನೋಡುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಸೃಷ್ಟಿಸಿದ ಸಮುದ್ರದಲ್ಲಿ ಅಳತೆಯ ದೋಷವನ್ನು ಎಷ್ಟೆಂದು ಇಟ್ಟಿದ್ದಾರೆ, ಅದನ್ನು ಫಿಲ್ಟರಿಗೆ (ದೋಷವಿರುವ ಅಳತೆಗಳಿಂದ ಗುರಿ ಎಲ್ಲಿದೆ ಎಂದು ಅಂದಾಜಿಸುವ ಲೆಕ್ಕಕ್ಕೆ) ಎಷ್ಟೆಂದು ಹೇಳಿದ್ದಾರೆ ಎಂದು ಹುಡುಕುತ್ತೇನೆ. ಬಹುಪಾಲು ವರದಿಗಳಲ್ಲಿ ಎರಡೂ ಒಂದೇ. ತಾನೇ ಪ್ರಶ್ನೆಪತ್ರಿಕೆ ತೆಗೆದು, ತಾನೇ ಉತ್ತರ ಬರೆದು, ತಾನೇ ಅಂಕ ಕೊಟ್ಟುಕೊಂಡ ಹಾಗೆ!

ಕೇಳುವುದಷ್ಟೇ ಕೆಲಸವಾದ ಸೋನಾರಿಗೆ ಸಿಗುವುದು ದಿಕ್ಕು, ದೂರವಲ್ಲ. ಹತ್ತು ಕಿಲೋಮೀಟರ್ ಆಚೆಗಿನ ಗುರಿಯ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಗುರಿ ಸುಮಾರು 175 ಮೀಟರ್ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ದೋಷ ಯಾವಾಗಲೂ ಒಂದೇ ಡಿಗ್ರಿ, ಅದೂ ಗಂಟೆಯಾಕಾರದ ಹಂಚಿಕೆಯಲ್ಲಿ (ಸಣ್ಣ ತಪ್ಪುಗಳೇ ಹೆಚ್ಚು, ದೊಡ್ಡವು ತೀರಾ ಅಪರೂಪ) ಎಂದು ಫಿಲ್ಟರಿಗೆ ಮೊದಲೇ ಹೇಳಿಟ್ಟರೆ 1960ರ ಕಾಲ್ಮನ್ ವಿಧಾನದ ವಿಸ್ತೃತ ರೂಪವೂ ಸಾಕಷ್ಟು ಚೆನ್ನಾಗಿ ಓಡುತ್ತದೆ, ‘ಪಾರ್ಟಿಕಲ್’ ಎಂಬ ನೂರಾರು ಊಹೆಗಳನ್ನು ಹರಡಿ, ಅಳತೆಗೆ ಹೊಂದುವವಕ್ಕೆ ಹೆಚ್ಚು ತೂಕ ಕೊಡುವ 1993ರ ಪಾರ್ಟಿಕಲ್ ಫಿಲ್ಟರೂ ಓಡುತ್ತದೆ. ಇದರಲ್ಲಿ ಗೆದ್ದವರು ಯಾರು?

ನಿಜವಾದ ಕಡಲು ಹಾಗಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತು ನೋಡಿ. ಜೂನ್, ಜುಲೈನ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಟ್ರಾಲರುಗಳು ಕಡಲಿಗಿಳಿದರೆ ನೀರಿನೊಳಗಿನ ಸದ್ದೇ ಬೇರೆಯಾಗುತ್ತದೆ. ಮಳೆಗಾಲದಲ್ಲಿ ಕಾಳಿ ನದಿ ತರುವ ಸಿಹಿನೀರು ಅಳಿವೆಯ ಬಳಿ ಉಪ್ಪಿನಂಶ ತಗ್ಗಿಸಿ ಧ್ವನಿಯ ದಾರಿಯನ್ನು ಬಾಗಿಸುತ್ತದೆ. ಬೆಚ್ಚಗಿನ, ಆಳವಿಲ್ಲದ ಕಡಲುಗಳಲ್ಲಿ ಚಟಪಟ ಎನ್ನುವ ಸಿಗಡಿಗಳ ಗಲಾಟೆ ಬೇರೆ. (ಕಾರವಾರದವನೆಂದು ನೌಕಾನೆಲೆಯ ಒಳಗುಟ್ಟು ನಿರೀಕ್ಷಿಸಬೇಡಿ. ಇದೆಲ್ಲ ಪಠ್ಯಪುಸ್ತಕದಲ್ಲೇ ಇದೆ.)

ಶಿರಸಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಹೆಮ್ಮೆಯಿಂದ, “ಸರ್, ಪಾರ್ಟಿಕಲ್ ಫಿಲ್ಟರೇ ಮೇಲು” ಎಂದಳು. “ಒಂದೇ ಸಾಲು ಬದಲಿಸಮ್ಮ” ಎಂದೆ. ನೂರರಲ್ಲಿ ಹತ್ತು ಅಳತೆಗಳು ಅಡ್ಡ ಹಾಯುವ ಟ್ರಾಲರಿನವು. ಫಿಲ್ಟರಿಗೆ ಮಾತ್ರ ಆ ಸುದ್ದಿ ತಿಳಿಸಬಾರದು. ಮತ್ತೆ ಓಡಿಸಿದಾಗ ಕಾಲ್ಮನ್ನಿನ ಗೆರೆ ಟ್ರಾಲರಿನ ಹಿಂದೆ ಹೊರಟಿತು. ಪಾರ್ಟಿಕಲ್‌ಗಳ ತೂಕವೆಲ್ಲ ಬೆರಳೆಣಿಕೆಯಷ್ಟರ ಮೇಲೆ ಬಿದ್ದು ಉಳಿದವು ವ್ಯರ್ಥವಾದವು. ಮುಖ ಸಣ್ಣಗಾಯಿತು. ಆದರೆ ಜಾಣೆ, ಮರುಕ್ಷಣವೇ “ದೂರದ ತಪ್ಪು ಅಳತೆಯನ್ನೂ ಸಹಿಸುವ ಹಂಚಿಕೆ ಕೊಡಲೇ?” ಎಂದಳು. ಕೊಟ್ಟ ಮೇಲೆ ಫಿಲ್ಟರ್ ತಾಳಿಕೊಂಡಿತು, ಎಲ್ಲ ಸಲವೂ ಅಲ್ಲ.

ಹಾಗಾಗಿ ಯಾವ ವಿಧಾನ ಶ್ರೇಷ್ಠ ಎಂದು ನನ್ನನ್ನು ಕೇಳಬೇಡಿ. ವರದಿಯ ಮೊದಲ ಪುಟದಲ್ಲೇ ಎರಡು ಕಾಲಂ ಹಾಕಿ: ಸಮುದ್ರ ಕೊಟ್ಟ ದೋಷ ಒಂದು ಕಡೆ, ಫಿಲ್ಟರಿಗೆ ಹೇಳಿದ ದೋಷ ಇನ್ನೊಂದು ಕಡೆ. ಎಲ್ಲ ಸಾಲುಗಳಲ್ಲೂ ಎರಡೂ ಒಂದೇ ಅಂಕಿಯಾಗಿದ್ದರೆ ವರದಿಯನ್ನು ಓದದೆ ವಾಪಸು ಕಳಿಸುತ್ತೇನೆ.