ಬೀಡಿ ಹೊಗೆ ರಕ್ತವನ್ನೂ ಕೆಡಿಸುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಮಗ್ಗದ ಕೆಲಸ. ದಿನಕ್ಕೆ ಒಂದು ಕಟ್ಟು ಬೀಡಿ ಬೇಕೇ ಬೇಕು. ಹೋದ ವಾರದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 12,400 ಬಂದಿದೆ. ‘ಬಿಳಿಕಣ ಏರಿತೆಂದರೆ ಬ್ಲಡ್ ಕ್ಯಾನ್ಸರ್’ ಎಂದು ನೆರೆಯವರು ಹೆದರಿಸಿದ್ದಾರೆ. ಬೀಡಿಯಿಂದ ಶ್ವಾಸಕೋಶ ಕೆಡುವುದು ಗೊತ್ತು, ರಕ್ತವೂ ಕೆಡುತ್ತದೆಯೇ?
– ಓದುಗರು, ಗದಗ-ಬೆಟಗೇರಿ

ಉತ್ತರ: ಮೊದಲು ಆ 12,400ರ ಭಯ ಇಳಿಸೋಣ. ಬಿಳಿಕಣ ಸಾಮಾನ್ಯವಾಗಿ 4,000ದಿಂದ 11,000ದೊಳಗೆ ಇರುತ್ತದೆ. ಬಹಳ ವರ್ಷ ಬೀಡಿ, ಸಿಗರೇಟು ಸೇದಿದವರಲ್ಲಿ ಅದು ಸ್ವಲ್ಪ ಮೇಲೆಯೇ ನಿಂತಿರುವುದು ತೀರಾ ಮಾಮೂಲು. ಹೊಗೆ ಒಳಗೆ ದಿನವೂ ಉರಿಯೂತ ಎಬ್ಬಿಸುತ್ತದೆ, ಮೂಳೆಯ ಮಜ್ಜೆ ಅದಕ್ಕೆ ಉತ್ತರವಾಗಿ ಹೆಚ್ಚು ಕಣಗಳನ್ನು ಕಳಿಸುತ್ತದೆ. ಹುಳುಕು ಹಲ್ಲಿನ ಕೀವಿಗೂ ಇಷ್ಟು ಏರುತ್ತದೆ. ಇತ್ತ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದೂ ಬಿಳಿಕಣ ಕಡಿಮೆಯೇ ಬರುವುದುಂಟು. ಬರೀ ಅಂಕಿ ನೋಡಿ ರೋಗ ಹೇಳುವ ನೆರೆಯವರಿಗೆ ಇದು ಗೊತ್ತಿರಲಾರದು.

ಇನ್ನು ನಿಜವಾದ ಪ್ರಶ್ನೆ. ಹೌದು, ಸಂಬಂಧವಿದೆ. ಆದರೆ ಎಲ್ಲ ಬಗೆಯ ರಕ್ತದ ಕ್ಯಾನ್ಸರಿಗೂ ಅಲ್ಲ. ಪುರಾವೆ ಗಟ್ಟಿಯಾಗಿರುವುದು ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಒಂದರ ವಿಷಯದಲ್ಲಿ. ಧೂಮಪಾನವೂ ಅದಕ್ಕೊಂದು ಕಾರಣ ಎಂದು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್‌ರ ವರದಿ 2004ರಲ್ಲಿಯೇ ಹೇಳಿತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಬಗೆ ಬೇರೆಯದೇ ರೋಗ.

ಹೊಗೆ ಹೋಗುವುದು ಎದೆಗಲ್ಲವೇ, ಮೂಳೆಗೇನು ಸಂಬಂಧ ಎಂದು ಹಲವರು ಕೇಳುತ್ತಾರೆ. ಶ್ವಾಸಕೋಶದ ಕೆಲಸವೇ ಒಳಬಂದದ್ದನ್ನು ರಕ್ತಕ್ಕೆ ದಾಟಿಸುವುದು. ಅದು ಆಮ್ಲಜನಕಕ್ಕೂ ಬಾಗಿಲು ತೆರೆಯುತ್ತದೆ, ಹೊಗೆಯಲ್ಲಿರುವ ಬೆಂಜೀನ್ ಎಂಬ ರಾಸಾಯನಿಕಕ್ಕೂ ತೆರೆಯುತ್ತದೆ. ಪೆಟ್ರೋಲಿನಲ್ಲೂ ಇರುವ ಈ ಬೆಂಜೀನ್ ಯಕೃತ್ತಿನಲ್ಲಿ ರೂಪ ಬದಲಿಸಿ ಮಜ್ಜೆಗೆ ಹೋಗುತ್ತದೆ. ಅಲ್ಲಿ ಇನ್ನಷ್ಟು ಉಗ್ರವಾಗಿ, ರಕ್ತಕಣ ಹುಟ್ಟಿಸುವ ತಾಯಿಕೋಶಗಳ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಅಂಥ ಪೆಟ್ಟು ತಿಂದ ಒಂದು ಕೋಶ ಬಲಿಯದೆ, ಸಾಯದೆ, ತನ್ನಂಥವನ್ನೇ ಹೆರುತ್ತ ಹೋದರೆ ಅದೇ ಲ್ಯುಕೇಮಿಯಾ. ಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕವೂ ಇದೆ, ವಿಕಿರಣ ಸೂಸುವ ಪೊಲೋನಿಯಂ-210 ಕೂಡ ಇದೆ.

‘ಬೀಡಿ ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ’ ಎಂಬ ಮಾತು ನಮ್ಮ ಕಡೆ ಬಹಳ. ನಿಮ್ಮ ತಂದೆ ಸೇದುವಾಗ ಒಮ್ಮೆ ಗಮನಿಸಿ. ಬೀಡಿಯನ್ನು ಬೆರಳ ಸಂದಿಯಲ್ಲಿ ಸುಮ್ಮನೆ ಹಿಡಿದರೆ ಆರುತ್ತದೆ. ಆರದಿರಲೆಂದು ಮೇಲಿಂದ ಮೇಲೆ, ಕೆನ್ನೆ ಒಳಸೇರುವಂತೆ ಎಳೆಯಬೇಕು. ಅದಕ್ಕೆ ಫಿಲ್ಟರೂ ಇಲ್ಲ. ಬೆಂಜೀನ್ ಬರುವುದು ಎಲೆ, ತಂಬಾಕು ಅರೆಬರೆ ಉರಿಯುವುದರಿಂದ. ಎಲೆಯ ಸಾಚಾತನ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅಪಾಯ ಎಷ್ಟು? ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುವವರಲ್ಲಿ ಹತ್ತಾರು ಪಟ್ಟು ಏರುತ್ತದೆ. ಈ ಲ್ಯುಕೇಮಿಯಾದ್ದು ಒಂದೂಕಾಲರಿಂದ ಒಂದೂವರೆ ಪಟ್ಟಿನ ಆಸುಪಾಸು. ರೋಗವೇ ಅಪರೂಪದ್ದು, ಹೆಚ್ಚಾಗಿ ಅರವತ್ತು ದಾಟಿದವರದ್ದು. ಹಾಗಾಗಿ ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಹೃದಯದ್ದು, ಶ್ವಾಸಕೋಶದ್ದು. ಬಿಟ್ಟರೆ ಈ ಮೂರೂ ಅಪಾಯ ವರ್ಷ ಕಳೆದಂತೆ ಇಳಿಯುತ್ತವೆ. ಬಿಡಲು ನೆರವು ಬೇಕಿದ್ದರೆ 1800-112-356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಸದ್ಯಕ್ಕೆ ಪೆರಿಫೆರಲ್ ಸ್ಮಿಯರ್ ಎಂಬ ಪರೀಕ್ಷೆ ಮಾಡಿಸಿ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಖರ್ಚು ಹೆಚ್ಚಿಲ್ಲ. ಅದರಲ್ಲಿ ‘ಬ್ಲಾಸ್ಟ್’ ಎಂಬ ಎಳೆಯ ಕೋಶಗಳು ಕಂಡರೆ, ಅಥವಾ ಬಿಡದ ಜ್ವರ, ವಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ದಿನದಿನಕ್ಕೆ ಏರುವ ಸುಸ್ತು ಇದ್ದರೆ ತಡಮಾಡದೆ ಹುಬ್ಬಳ್ಳಿಗೆ, ರಕ್ತರೋಗ ನೋಡುವ ತಜ್ಞರಲ್ಲಿಗೆ ಬನ್ನಿ. ಹಳೆಯ ರಿಪೋರ್ಟುಗಳು ಟ್ರಂಕಿನಲ್ಲಿದ್ದರೆ ಅವನ್ನೂ ಹುಡುಕಿ ತನ್ನಿ. ಐದು ವರ್ಷದಿಂದ ಬಿಳಿಕಣ 12,000ದ ಸುತ್ತಲೇ ಇದ್ದರೆ ವೈದ್ಯರು ಓದುವುದು ಒಂದು ರೀತಿ, ಮೂರೇ ತಿಂಗಳಲ್ಲಿ ಅಲ್ಲಿಗೆ ಏರಿದ್ದರೆ ಇನ್ನೊಂದು ರೀತಿ.