ಒಂದೇ ಕಲ್ಲು, ಮೂರು ವಯಸ್ಸು

ಮಲ್ಪೆಯಲ್ಲಿ ಮೀನುಗಾರಿಕೆ ದೋಣಿ ನಡೆಸುವ ತಾಂಡೇಲರೊಬ್ಬರು ಪೇಪರಿನಲ್ಲಿ ಸುತ್ತಿ ಒಂದು ಕಪ್ಪು ಕಲ್ಲು ತಂದಿದ್ದರು. ಟ್ರಾಲ್ ಬಲೆಗೆ ಸಿಕ್ಕಿದ್ದು. ಒಂದು ಬದಿಯಲ್ಲಿ ಚಿಪ್ಪು ಹೂತುಕೊಂಡಿತ್ತು. ಜೊತೆಗಿದ್ದ ಮಗ ಎಂ.ಎಸ್ಸಿ. ಓದುತ್ತಿದ್ದಾನೆ. "ಸರ್, ಚಿಪ್ಪಿಗೆ ಕಾರ್ಬನ್ ಟೆಸ್ಟ್ ಮಾಡಿದ್ರೆ ಕಲ್ಲಿನ ವಯಸ್ಸು ಬರ್ತದಲ್ವಾ?" ಎಂದ.

ಬರುವುದಿಲ್ಲ. ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ ಥೀಸಿಸ್‌ಗಳಲ್ಲಿ ಇದೇ ತಪ್ಪು.

ಕಾರ್ಬನ್ ಹೇಳುವುದು ಚಿಪ್ಪಿನ ಕಾಲವನ್ನು ಮಾತ್ರ. ಈ ಕಲ್ಲು ಸಮುದ್ರತಳದ ಫಾಸ್ಫೇಟ್ ಗಂಟಾಗಿದ್ದರೆ, ಅದರ ಖನಿಜ ಹುಟ್ಟುವುದು ಆಮೇಲೆ, ಕೆಸರಿನೊಳಗೆ. ಕೊಳೆತ ಜೀವಿಗಳ ಫಾಸ್ಫೇಟ್ ಕೆಸರಿನ ಕಣಗಳ ನಡುವಿನ ನೀರಿಗೆ ಸೇರಿ, ಅಪಟೈಟ್ ಎಂಬ ಫಾಸ್ಫೇಟ್ ಖನಿಜವಾಗಿ ಗಟ್ಟಿಯಾಗುತ್ತದೆ. ಆಗ ನೀರಿನಲ್ಲಿದ್ದ ಯುರೇನಿಯಂ ಒಳಗೆ ಸಿಕ್ಕಿಬೀಳುತ್ತದೆ. ಥೋರಿಯಂ ನೀರಿನಲ್ಲಿ ಕರಗುವುದೇ ತೀರಾ ಕಡಿಮೆ, ಹಾಗಾಗಿ ಬರುವುದಿಲ್ಲ. ಮುಂದೆ ಒಳಗೆ ಸೇರುವ ಥೋರಿಯಂ-230 ಎಲ್ಲ ಯುರೇನಿಯಂ-234 ಒಡೆದು ಬಂದದ್ದು. ಅದನ್ನು ಅಳೆದರೆ ಖನಿಜ ಹುಟ್ಟಿದ ಕಾಲ ತಿಳಿಯುತ್ತದೆ. ಜೇಡಿ ಬೆರೆತಿದ್ದರೆ ಅದರ ಥೋರಿಯಂ ಸೇರಿ ವಯಸ್ಸು ಜಾಸ್ತಿ ಕಾಣಬಹುದು. ಯುರೇನಿಯಂ ಆಮೇಲೂ ನುಗ್ಗಿದ್ದರೆ ಕಡಿಮೆ ಕಾಣಬಹುದು. ಸುಮಾರು 4-5 ಲಕ್ಷ ವರ್ಷ ದಾಟಿದರೆ ಈ ಲೆಕ್ಕ ನಡೆಯುವುದೇ ಇಲ್ಲ.

ಕಲ್ಲು ಕೂತಿದ್ದ ಪದರದ ವಯಸ್ಸು ಇನ್ನೂ ಬೇರೆ. ನಮ್ಮ ಕಡೆ ಹಳೆ ಗುತ್ತಿನ ಮನೆ ಬಿಚ್ಚಿ, ಅದರ ಕಂಬಗಳನ್ನು ಹೊಸ ಮನೆಗೆ ಹಾಕುವುದುಂಟು. ಕಂಬ ಹಳತೆಂದು ಮನೆಯೂ ಹಳತು ಅಂತ ಯಾರಾದರೂ ಹೇಳುತ್ತಾರಾ? ಸಮುದ್ರದ ತಳದಲ್ಲೂ ಹಾಗೇ. ನೀರಿನ ಸೆಳೆತ ಮೆತ್ತನೆ ಕೆಸರನ್ನು ತೊಳೆದು, ಗಟ್ಟಿ ಗಂಟುಗಳನ್ನು ಉಳಿಸಿ ಹೋಗುತ್ತದೆ. ಅವುಗಳ ಮೇಲೆ ಹೊಸ ಕೆಸರು ಕೂರುತ್ತದೆ. ಪದರ ನಿನ್ನೆಯದು, ಕಲ್ಲು ಯಾವ ಕಾಲದ್ದೋ.

1970ರಲ್ಲಿ ಕೊಲೊಡ್ನಿ, ಕಪ್ಲಾನ್ ಎಂಬಿಬ್ಬರು ವಿಜ್ಞಾನಿಗಳು ಯುರೇನಿಯಂ ಅಳೆದು, ತಾವು ನೋಡಿದ ಸಮುದ್ರತಳದ ಫಾಸ್ಫೇಟ್ ಕಲ್ಲುಗಳು ಬಹಳ ಹಳೆಯವು ಎಂದರು. ಈಗ ಎಲ್ಲೂ ಹುಟ್ಟುತ್ತಿಲ್ಲವೇನೋ ಎಂಬ ಅನುಮಾನ ಬಂತು. 1972ರಲ್ಲಿ ಬಟೂರಿನ್ ತಂಡ ನಮೀಬಿಯಾದ ಕರಾವಳಿಯಾಚೆ ಇತ್ತೀಚೆಗೆ ಹುಟ್ಟಿದ ಗಂಟುಗಳನ್ನು ತೋರಿಸಿತು. ಎರಡೂ ನಿಜ. ಅಳೆದದ್ದು ಪದರವನ್ನಲ್ಲ, ಖನಿಜವನ್ನೇ.

ಇದು ಫಾಸ್ಫೇಟ್ ಹೌದೋ ಅಲ್ಲವೋ ಎಂದು ಬರೀ ಕಣ್ಣಲ್ಲಿ ನೋಡಿ ನಾನು ಹೇಳಲಾರೆ. ಮೊದಲು ಅದನ್ನು ಪರೀಕ್ಷೆ ಮಾಡಿ ತಿಳಿಯೋಣ, ಆಮೇಲೆ ಇಡೀ ಕಲ್ಲನ್ನು ಪುಡಿ ಮಾಡದೆ ನಡುವಿನಿಂದ ಬೇರೆ, ಅಂಚಿನಿಂದ ಬೇರೆ ಚೂರು ತೆಗೆಯಬೇಕು ಎಂದೆ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎಂದು ಹುಡುಗನನ್ನು ಕೇಳಿದೆ. ಅವನು ತಂದೆಯ ಮುಖ ನೋಡಿದ.

"ಎಂಬತ್ತು ಮಾರು ಸರ್. ಜಾಗದ ಗುರುತು ಉಂಟು" ಎಂದರು ತಾಂಡೇಲರು. ಜಿಪಿಎಸ್ ಅಂಕಿ, ಬಲೆ ಎತ್ತಿದ ಹೊತ್ತು, ಎಲ್ಲ ಬರೆದಿಟ್ಟ ಚೀಟಿಯನ್ನು ಜೇಬಿನಿಂದ ತೆಗೆದು ಮಗನ ಕೈಗೆ ಕೊಟ್ಟರು.