ಹುಣಸೆ ಮರದ ಬಾಣಂತಿಯರು

ಫೆಬ್ರುವರಿಯಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋದರೆ ಹಕ್ಕಿ ಕಾಣುವ ಮೊದಲೇ ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ. ತಲೆ ಎತ್ತಿದರೆ ಮನೆ ಪಕ್ಕದ ಹುಣಸೆ ಮರದ ತುಂಬ ಕಡ್ಡಿ ಗೂಡುಗಳು. ಕೆಳಗೆ ಜಗಲಿಯಲ್ಲಿ ಯಾರೋ ಮೊರದಲ್ಲಿ ರಾಗಿ ಕೇರುತ್ತಿರುತ್ತಾರೆ. ಮೇಲೆ ಐದು ಕಿಲೋ ತೂಗುವ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ತನ್ನ ಮರಿಗೆ ಉಣ್ಣಿಸುತ್ತಿರುತ್ತದೆ. ಆ ಊಟವೂ ವಿಚಿತ್ರ. ತಾಯಿಯ ಕೊಕ್ಕಿನಡಿ ಒಂದು ಚರ್ಮದ ಚೀಲ. ಮರಿ ಅದರೊಳಕ್ಕೆ ತಲೆ ತೂರಿಸಿ ಮೀನು ಬಾಚಿಕೊಳ್ಳುತ್ತದೆ. ಮೊದಲ ಸಲ ನೋಡಿದವರಿಗೆ ಮರಿಯನ್ನೇ ನುಂಗ್ತಿದೆಯಲ್ಲ ಅಂತ ಗಾಬರಿ ಆಗಬೇಕು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಈ ಊರಿನ ಹೆಸರಲ್ಲಿ ಇರುವುದು ಕೊಕ್ಕರೆ. ಬಣ್ಣದ ಕೊಕ್ಕರೆಗಳೂ ಇಲ್ಲಿ ಗೂಡು ಕಟ್ಟುತ್ತವೆ. ಆದರೆ ಊರಿಗೆ ಹೆಚ್ಚು ಹೆಸರು ತಂದದ್ದು ಹೆಜ್ಜಾರ್ಲೆ. ಎರಡೂ ಚಳಿಗಾಲದಲ್ಲಿ ಬಂದು, ಮರಿ ಬೆಳೆಸಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಊರವರು. ಈ ಮಾತನ್ನು ನಾವು ಪೇಟೆಯವರು ಕೇಳಿ, ಆಹಾ ಎಂದು ಫೋಟೊ ತೆಗೆದುಕೊಂಡು ವಾಪಸ್ ಬರುತ್ತೇವೆ. ಬಾಣಂತನಕ್ಕೆ ಖರ್ಚಿದೆ ಅನ್ನೋದು ನೆನಪಾಗುವುದಿಲ್ಲ.

ಲೆಕ್ಕ ಹೀಗಿದೆ. ಮೊಟ್ಟೆ ಮರಿಗಳ ಕಾಲವೇ ಹುಣಸೆ ಹಣ್ಣಾಗುವ ಕಾಲ. ಗೂಡಿದ್ದರೆ ಮರ ಹತ್ತಿ ಹುಣಸೆ ಬಡಿಯುವ ಹಾಗಿಲ್ಲ. ಬಿಟ್ಟರೆ ಹಣ್ಣಿನ ಮೇಲೆಲ್ಲ ಹಿಕ್ಕೆ. ಮರ ಇಟ್ಟುಕೊಂಡವನಿಗೆ ವರ್ಷವೂ ನಷ್ಟ, ಕಡಿದು ಮಾರಿದರೆ ಒಂದೇ ಸಲಕ್ಕೆ ದುಡ್ಡು. ಗೂಡಿರುವ ಮರಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡಲು ಶುರು ಮಾಡಿದ್ದು ಇದಕ್ಕೇ. ಪ್ರೀತಿಯ ಜೊತೆ ಈ ದುಡ್ಡೂ ಬೇಕು, ಅದರಲ್ಲಿ ನಾಚಿಕೆ ಏನಿಲ್ಲ.

ಹಕ್ಕಿಗಳೂ ಸುಮ್ನೆ ಇರುವುದಿಲ್ಲ, ಬಾಡಿಗೆ ಕೊಡುತ್ತವೆ. ಹಕ್ಕಿಗೆ ನಮ್ಮ ಹಾಗೆ ಬೇರೆ ಮೂತ್ರವಿಲ್ಲ. ಮೈಯಲ್ಲಿ ಬೇಡವಾದ ಸಾರಜನಕ ಯೂರಿಕ್ ಆಮ್ಲವಾಗಿ ಹಿಕ್ಕೆಯ ಜೊತೆಗೇ ಬೀಳುತ್ತದೆ. ಹಿಕ್ಕೆಯ ಬಿಳಿ ಭಾಗ ಅದೇ. ಮೀನು ತಿನ್ನುವ ಹಕ್ಕಿಯಾದ್ದರಿಂದ ರಂಜಕವೂ ಜಾಸ್ತಿ. ಮರದ ಬುಡದಲ್ಲಿ ಗುಂಡಿ ತೋಡಿ ಅದನ್ನು ಹಿಡಿದು ಹೊಲಕ್ಕೆ ಹೊಡೆಯುವುದು ಇಲ್ಲಿನ ಹಳೇ ರೂಢಿ. ದೂರದ ಕೆರೆಯ ಮೀನು ಹೀಗೆ ಬೆಳ್ಳೂರಿನ ಬೆಳೆಗೆ ಗೊಬ್ಬರವಾಗುತ್ತದೆ.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ಈ ತಾಣವನ್ನು ಹೊರಗಿನವರಿಗೆ ಪರಿಚಯಿಸಿದರು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿ ನಿಸರ್ಗಪ್ರಿಯರ ತಂಡ ಇಲ್ಲಿ ಕೆಲಸ ಶುರು ಮಾಡಿತು. ಊರ ಹುಡುಗರ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಒಂದೇ ಮರದಲ್ಲಿ ಗೂಡುಗಳ ನೂಕುನುಗ್ಗಲು, ಜೋರು ಗಾಳಿ ಬೀಸಿದರೆ ಮರಿ ಕೆಳಗೆ. ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣ್ಣಿಸುವುದಿಲ್ಲ. ನಾಯಿಗೋ ಹಸಿವಿಗೋ ತುತ್ತಾಗಬೇಕಿದ್ದ ಇಂಥ ಮರಿಗಳನ್ನು ಬಳಗದವರು ತಂತಿ ಬೇಲಿಯೊಳಗೆ ಇಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. ದಿನಾ ಮೀನು ಹೊಂದಿಸುವುದು ಸಣ್ಣ ಕೆಲಸ ಅಲ್ಲ. 2007ರಲ್ಲಿ ಊರು ‘ಸಮುದಾಯ ಮೀಸಲು’ ಆಯಿತು. ಅಂದರೆ ಜಮೀನು, ಮನೆ ಜನರದ್ದೇ, ರಕ್ಷಣೆಯಲ್ಲೂ ಅವರಿಗೆ ಪಾಲು.

ಇಷ್ಟಾದರೂ 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ದುಂಡು ಹುಳುಗಳು. ಮೀನಿನ ಮೂಲಕ ಬರುವ ಹುಳು ಅದು, ಗಲೀಜು ನೀರಿನ ಮೇಲೆ ಅನುಮಾನ ಹೋಯಿತು. ಮರ ಬೆಳ್ಳೂರಿನದು ನಿಜ, ಊಟ ಮಾತ್ರ ಶಿಂಷಾ ನದಿಯದ್ದು, ಸುತ್ತಲಿನ ಕೆರೆಗಳದ್ದು. ಆ ನೀರಿಗೆ ಮೇಲಿನ ಊರುಗಳು ಏನು ಬಿಡುತ್ತವೆ ಅಂತ ಹೆಜ್ಜಾರ್ಲೆ ಬಳಗ ಕಾಯುತ್ತಾ ಕೂರಲು ಆಗುತ್ತದಾ? ಹಕ್ಕಿಗೂ ಅದು ಗೊತ್ತಾಗುವುದಿಲ್ಲ. ಬಿಸಿಲೇರಿ ಗಾಳಿ ಕಾದು ಮೇಲೇಳುತ್ತಿದ್ದಂತೆ ರೆಕ್ಕೆ ಬಿಚ್ಚಿ, ಎರಡು ಸುತ್ತು ಹಾಕಿ ಎತ್ತರಕ್ಕೇರಿ, ಅದೇ ಕೆರೆಗಳ ಕಡೆ ಹೊರಡುತ್ತದೆ.